ಪ್ರಸ್ಥಾನಕ್ಕಿಟ್ಟ ಚೀಲ

ವಿಯೆಟ್ನಾಮಿಗೆ ಹೋಗಬೇಕೆಂಬ ಆಸೆ ಮೊದಲು ಹುಟ್ಟಿದ್ದು ಅಕ್ಕನಿಗೆ. ಇದನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ಹೇಳದಿದ್ದರೆ ಮುಂದೆಲ್ಲೋ ಜಾಣತನದಿಂದ ನುಂಗಿಕೊಂಡುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಒಂದು ಭಾನುವಾರ ಊಟವಾದ ಮೇಲೆ ಅವಳು ಗೋಡೆಗೊರಗಿ ಫೋನು ನೋಡುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಅಡ್ಡಾಗಿದ್ದೆ. ಮೊಣಕೈಯಿಂದ ನನ್ನನ್ನು ತಿವಿದು ಫೋನನ್ನು ಮುಖದ ಹತ್ತಿರ ತಂದಳು. ಹಸಿರು ಸಮುದ್ರ, ಅದರ ತುಂಬ ಎದ್ದು ನಿಂತ ಕಲ್ಲುಗುಡ್ಡಗಳು, ಅವುಗಳ ನಡುವೆ ಮೆಲ್ಲಗೆ ಹೋಗುವ ಒಂದು ಹಡಗು. “ನೋಡಿಲ್ಲಿ, ನಮ್ಮ ಆದವಾನಿ ಗುಡ್ಡಾನ ತಗಂಡು ಹೋಗಿ ನೀರಾಗ ನಿಂದ್ರಿಸಿದಂಗ ಐತಿ” ಎಂದಳು. ಆ ದೇಶ ಯಾವುದು, ಅಲ್ಲಿಗೆ ನಮ್ಮಂಥವರು ಹೋಗಬಹುದೇ ಎಂದು ಕೇಳಿದಳು. ಹೋಗಬಹುದು, ಪಾಸ್‌ಪೋರ್ಟ್ ಬೇಕು ಎಂದೆ. ಆಮೇಲೆ ಅವಳು ಬಿಡಲಿಲ್ಲ. ಇಬ್ಬರೂ ಕರ್ನೂಲಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆವು. ವಿಚಾರಣೆಗೆ ಮನೆಗೆ ಬಂದ ಪೊಲೀಸಿನವನಿಗೆ ಅಕ್ಕ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಕೊಟ್ಟು, ಅವನು ಕೇಳದ ವಿಷಯಗಳನ್ನೂ ಹೇಳಿ ಕಳಿಸಿದಳು. ಒಂದೇ ದಿನ ಎರಡು ಪಾಸ್‌ಪೋರ್ಟು ಬಂದವು. ಅವಳದನ್ನು ಅವಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟಳು.

ಟಿಕೆಟ್ ಮಾಡುವ ದಿನ ನಾನು ಕಚೇರಿಯಲ್ಲಿದ್ದೆ. ಮಧ್ಯಾಹ್ನದ ಹೊತ್ತು, ಎದುರಿನ ಕುರ್ಚಿಗಳು ಖಾಲಿ. ಫೋನಿನಲ್ಲಿ ಪ್ರಯಾಣಿಕರು ಎಷ್ಟು ಜನ ಎಂದು ಕೇಳುವ ಕಡೆ ಒಂದು ಎಂದು ಇತ್ತು. ಪಕ್ಕದ ಕೂಡಿಸುವ ಗುರುತು ಒತ್ತಿದೆ, ಎರಡಾಯಿತು. ಅದನ್ನು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಕಳೆಯುವ ಗುರುತು ಒತ್ತಿದೆ. ಯಾರೂ ನನ್ನ ಕೈ ಹಿಡಿದು ಒತ್ತಿಸಲಿಲ್ಲ.

ಯಾಕೆ ಒತ್ತಿದೆ ಎನ್ನುವುದನ್ನೂ ಹೇಳಬೇಕು. ನಮ್ಮದು ನಂದವರಂ ಕಡೆಯ ಹಳ್ಳಿ. ನನಗೆ ಆದವಾನಿಯ ಸರ್ಕಾರಿ ಮಂಡಲ ಕಚೇರಿಯಲ್ಲಿ ಕೆಲಸ ಸಿಕ್ಕಾಗ, ಹೆಣ್ಣುಮಗಳು ಒಬ್ಬಳೇ ಹೇಗಿರುತ್ತಾಳೆ ಎಂದು ಅಕ್ಕ ಒಂದು ಟ್ರಂಕು ಹಿಡಿದು ಜೊತೆಗೆ ಬಂದಳು. ಅವಳು ನನಗಿಂತ ಹತ್ತು ವರ್ಷ ದೊಡ್ಡವಳು. ಮದುವೆಯಾದ ಸ್ವಲ್ಪ ಕಾಲಕ್ಕೇ ಭಾವ ತೀರಿಕೊಂಡಿದ್ದರು. ಆ ಗಂಡನ ಮನೆಯಿಂದ ಹೊರಬರಲು ಅವಳಿಗೂ ಒಂದು ನೆಪ ಬೇಕಿತ್ತು. ನಾನು ಮದುವೆಯಾಗಲಿಲ್ಲ. ಹೀಗೆ ಇಬ್ಬರಿಗೂ ತಲೆ ಬೆಳ್ಳಗಾಯಿತು. ನಾನು ಸಂಬಳ ತರುತ್ತೇನೆ, ಅವಳು ಮನೆ ನಡೆಸುತ್ತಾಳೆ, ನನ್ನನ್ನೂ ನಡೆಸುತ್ತಾಳೆ. ಐವತ್ತು ದಾಟಿದರೂ ನಾನು ಒಂದು ರಾತ್ರಿ ಒಬ್ಬಳೇ ಮಲಗಿದವಳಲ್ಲ.

ಅಕ್ಕನ ಜೊತೆ ಪ್ರಯಾಣ ಮಾಡುವುದೆಂದರೆ ನನ್ನ ಕಥೆ ಊರೂರಿಗೆ ಹಂಚುತ್ತ ಹೋಗುವುದು. ಕಾಶಿಗೆ ಹೋದಾಗ ರೈಲು ರಾಯಚೂರು ದಾಟುವಷ್ಟರಲ್ಲಿ ಡಬ್ಬಿಯಲ್ಲಿದ್ದವರಿಗೆಲ್ಲ ನನ್ನ ಸಂಬಳ, ನನ್ನ ಹೊಟ್ಟೆಯ ತೊಂದರೆ, ಮುರಿದುಬಿದ್ದ ನನ್ನ ಸಂಬಂಧಗಳು ಬಾಯಿಪಾಠವಾಗಿದ್ದವು. ಮಂತ್ರಾಲಯದಲ್ಲಿ ದರ್ಶನದ ಸಾಲಿನಲ್ಲಿ ಹಿಂದೆ ನಿಂತಿದ್ದ ಗುರುತಿಲ್ಲದ ಹೆಂಗಸು ನನ್ನ ಭುಜ ತಟ್ಟಿ, ರಾಯರಿದ್ದಾರೆ, ಎಲ್ಲ ಒಳ್ಳೆಯದಾಗುತ್ತದೆ ಎಂದು ತೆಲುಗಿನಲ್ಲಿ ಸಮಾಧಾನ ಹೇಳಿದಳು. ಏನು ಒಳ್ಳೆಯದಾಗಬೇಕಿತ್ತೋ ನನಗೇ ಗೊತ್ತಿರಲಿಲ್ಲ. ತಿರುಗಿ ನೋಡಿದರೆ ಅಕ್ಕ ಅವಳ ಬುಟ್ಟಿಯಿಂದ ಕಡ್ಲೆಪುಟಾಣಿ ತಿನ್ನುತ್ತಿದ್ದಳು. ನನ್ನ ಬಗ್ಗೆ ಯಾರಿಗೂ ಏನೂ ಗೊತ್ತಿಲ್ಲದ ಒಂದು ಕಡೆ ಒಂದು ವಾರ ಇರಬೇಕು, ಯಾರಾದರೂ ಹೆಸರು ಕೇಳಿದರೆ ಅದನ್ನೂ ನಾನೇ ಹೇಳಬೇಕು, ಇಷ್ಟೇ ನನ್ನ ಆಸೆ. ಆಸೆ ದೊಡ್ಡದಲ್ಲ. ಆದರೆ ಅದಕ್ಕೆ ನಾನು ಆರಿಸಿಕೊಂಡ ಜಾಗ ಅಕ್ಕನದು. ಜಗತ್ತಿನಲ್ಲಿ ಬೇರೆ ದೇಶಗಳಿರಲಿಲ್ಲವೇ? ಇದ್ದವು. ಆದರೆ ಅವಳು ತೋರಿಸಿದ ಆ ಗುಡ್ಡಗಳು ನನ್ನ ತಲೆಯಲ್ಲೂ ಕೂತುಬಿಟ್ಟಿದ್ದವು.

ವಿಷಯವನ್ನು ಊಟದ ಹೊತ್ತಿನಲ್ಲಿ ಹೇಳಿದೆ. ಕಾರಣಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ: ಅವಳ ಮೊಣಕಾಲು, ಹಡಗಿನ ಮೆಟ್ಟಿಲು, ಅಲ್ಲಿಯ ಊಟ, ಮನೆಗೆ ನೀರು ಬರುವ ದಿನ ಯಾರಾದರೂ ಇರಬೇಕಾದದ್ದು. ಒಂದು ಕಾರಣವನ್ನೂ ಅವಳು ವಿಚಾರಿಸಲಿಲ್ಲ. ತುತ್ತು ಎತ್ತಿದ ಕೈ ಒಂದು ಗಳಿಗೆ ನಿಂತಿತು, ಅಷ್ಟೇ. ಎಷ್ಟು ದಿನ, ಅಲ್ಲಿ ಅನ್ನ ಸಿಗುತ್ತದೆಯೇ ಎಂದಳು. ಸಿಗುತ್ತದೆ ಎಂದೆ. ಹಾಗಾದರೆ ಚಿಂತೆಯಿಲ್ಲ ಎಂದು ನನಗೆ ಇನ್ನೊಂದು ಸೌಟು ಸಾರು ಹಾಕಿದಳು. ಗ್ಯಾಸು ಸಣ್ಣಗಿಡಲಿಲ್ಲ ಎಂದು ಅರ್ಧ ದಿನ ಜಗಳಾಡುವ ಹೆಂಗಸು ಇದಕ್ಕೆ ಜಗಳ ತೆಗೆಯಲಿಲ್ಲ. ಅವಳು ಅವತ್ತು ತಟ್ಟೆ ಎತ್ತಿ ಕುಕ್ಕಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ನೀನೂ ಬರುತ್ತೀಯಾ ಎಂದು ಕೇಳಲು ಆಗಲೂ ಸಮಯವಿತ್ತು. ಹೋಗುವುದಕ್ಕೆ ಇನ್ನೂ ತಿಂಗಳ ಮೇಲಿತ್ತು. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ, ಇವತ್ತು ಕೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಬಾಯಿ ಮುಕ್ಕಳಿಸುವಷ್ಟರಲ್ಲಿ ಆ ಮಾತೂ ಹೋಗುತ್ತಿತ್ತು.

ಬೆನ್ನಿಗೆ ಹಾಕಿಕೊಳ್ಳುವ ಚೀಲವೊಂದೇ ಸಾಕು, ಕೈ ಎರಡೂ ಖಾಲಿಯಿರುತ್ತವೆ ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದರು. ಕಡುನೀಲಿ ಬಣ್ಣದ್ದೊಂದನ್ನು ಕೊಂಡು ತಂದೆ. ಅಕ್ಕ ಅದನ್ನು ನಡುಮನೆಯಲ್ಲಿ ನಿಲ್ಲಿಸಿ ಸುತ್ತಲೂ ನೋಡಿ, ಈ ವಯಸ್ಸಿನಲ್ಲಿ ಶಾಲೆಗೆ ಸೇರಿಸಿದ ಹಾಗಾಯಿತು ಎಂದು ನಕ್ಕಳು. ಆಮೇಲೆ ಚೀಲವನ್ನು ತನ್ನ ವಶಕ್ಕೆ ತೆಗೆದುಕೊಂಡಳು. ನಾನು ಕಚೇರಿಯಿಂದ ಬರುವಷ್ಟರಲ್ಲಿ ದಿನಕ್ಕೊಂದು ವಸ್ತು ಅದರೊಳಗೆ ಸೇರಿರುತ್ತಿತ್ತು. ಹಳೆಯ ಬಟ್ಟೆಯಲ್ಲಿ ಸುತ್ತಿದ ಕಡಕ್ ರೊಟ್ಟಿ. ಶೇಂಗಾಪುಡಿ, ಗುರೆಳ್ಳುಪುಡಿ, ಎರಡೂ ಬೇರೆ ಬೇರೆ ಡಬ್ಬಿಗಳಲ್ಲಿ. ನನ್ನ ಚೂಡಿದಾರಗಳಿಗೆಲ್ಲ ಇಸ್ತ್ರಿ. ಅವುಗಳಲ್ಲೊಂದರ ಒಳಮಗ್ಗುಲಿಗೆ ಪಾಸ್‌ಪೋರ್ಟ್ ಇಟ್ಟುಕೊಳ್ಳಲು ಗುಪ್ತ ಜೇಬು. ಶುಂಠಿ, ಓಂಕಾಳು, ನೋವಿನ ಎಣ್ಣೆ. ಒಂದು ದಿನ ಬಂದು ನೋಡಿದರೆ ನನ್ನ ತಲೆದಿಂಬಿನ ಗೌಸನ್ನು ಒಗೆದು ಮಡಿಸಿ ಇಟ್ಟಿದ್ದಳು, ಪರಸ್ಥಳದಲ್ಲಿ ವಾಸನೆ ಬದಲಾದರೆ ನನಗೆ ನಿದ್ದೆ ಬರುವುದಿಲ್ಲವೆಂದು. ಅದು ನಿಜ. ನನಗೇ ಅದು ಗೊತ್ತಿರಲಿಲ್ಲ.

ತಪ್ಪು ಮಾಡಿದವಳಿಗೆ ಸಿಟ್ಟು ಬೇಗ ಬರುತ್ತದೆ. ಅವಳು ಒಂದೊಂದು ಇಟ್ಟ ಹಾಗೆಲ್ಲ ನಾನು ರೇಗುತ್ತಿದ್ದೆ. ನಾನೇನು ದಂಡಿಗೆ ಹೋಗುತ್ತೇನಾ, ಅಲ್ಲಿ ಮನುಷ್ಯರಿಲ್ಲವಾ ಎಂದು ಕೂಗಾಡಿದೆ. ಮಾರನೆಯ ದಿನ ಉಪ್ಪಿನಕಾಯಿ ಸೇರಿತ್ತು.

ಹೊರಡುವ ವಾರದಲ್ಲಿ ಅವಳು ಪಂಚಾಂಗ ತೆಗೆದಳು. ನನ್ನ ವಿಮಾನ ಸೋಮವಾರ. ಸೋಮವಾರ ಪೂರ್ವಕ್ಕೆ ವಾರಶೂಲೆ, ಆ ದಿಕ್ಕಿಗೆ ಹೆಜ್ಜೆ ಇಡಬಾರದು. ಅವತ್ತು ನಾನು ಹತ್ತುವ ರೈಲು ಬೆಂಗಳೂರಿಗೆ, ಅದು ದಕ್ಷಿಣಕ್ಕಿದೆ ಎಂದು ವಾದಿಸಿದೆ. ಎಲ್ಲಿಗೆ ಹೊರಟಿದ್ದೀ ಎನ್ನುವುದು ಮುಖ್ಯ, ಎಲ್ಲಿ ರೈಲು ಹತ್ತುತ್ತೀ ಎನ್ನುವುದಲ್ಲ ಎಂದಳು. ಟಿಕೆಟ್ ಬದಲಿಸಲು ಬರುವುದಿಲ್ಲ ಎಂದೆ. ಬದಲಿಸುವುದೇನೂ ಬೇಡ, ಶುಕ್ರವಾರ ಬೆಳಿಗ್ಗೆ ಒಳ್ಳೆಯ ಹೊತ್ತಿದೆ, ಪ್ರಸ್ಥಾನ ಇಟ್ಟರಾಯಿತು ಎಂದಳು.

ನಮ್ಮ ಕಡೆಯ ಹಿರಿಯರು ಇದನ್ನು ಇನ್ನೂ ಮಾಡುತ್ತಾರೆ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಮುಂಚೆ ಬರುವ ಒಳ್ಳೆಯ ಮುಹೂರ್ತದಲ್ಲಿ ಹೋಗುವವರ ಬಟ್ಟೆಯ ಗಂಟನ್ನು ಹೋಗುವ ದಿಕ್ಕಿನ ಇನ್ನೊಬ್ಬರ ಮನೆಯಲ್ಲಿ ಇಟ್ಟು ಬರುವುದು. ಬಟ್ಟೆ ಹೊರಟರೆ ಮನುಷ್ಯ ಹೊರಟ ಲೆಕ್ಕ. ಆಮೇಲೆ ದೇಹ ಯಾವಾಗ ಬೇಕಾದರೂ ಹೋಗಿ ಗಂಟನ್ನು ಸೇರಿಕೊಳ್ಳಬಹುದು. ಒಂದೇ ಕಟ್ಟಳೆ: ಇಟ್ಟದ್ದನ್ನು ತಿರುಗಿ ಮನೆಗೆ ತರಬಾರದು.

ನಮ್ಮ ಬೀದಿಯಲ್ಲಿ ಪೂರ್ವಕ್ಕಿರುವುದು ಬಟ್ಟೆ ಹೊಲಿಯುವ ಬೀಬಿಯ ಮನೆ. ಶುಕ್ರವಾರ ಬೆಳಿಗ್ಗೆ ಅಕ್ಕ ಚೀಲಕ್ಕೆ ಅರಿಸಿನ ಕುಂಕುಮ ಹಚ್ಚಿ ನನ್ನ ಬೆನ್ನಿಗೆ ಹಾಕಿದಳು. ನಾನು ಹಿಂದಕ್ಕೆ ವಾಲಿದೆ. ಇಬ್ಬರೂ ಹೋಗಿ ಅದನ್ನು ಬೀಬಿಯ ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟು ಬಂದೆವು. ಬೀಬಿ ಅದರ ಮೇಲೊಂದು ಶುಭ್ರವಾದ ಬಟ್ಟೆ ಮುಚ್ಚಿದಳು. ಮನೆಗೆ ಬಂದು ಪೊರಕೆ ಎತ್ತಿಕೊಂಡರೆ ಅಕ್ಕ ಕೈಯಿಂದ ಕಿತ್ತುಕೊಂಡಳು. “ಹೋದಾಕಿ ನೀ ಈಗ. ಸುಮ್ನ ಕುಂದ್ರು” ಎಂದಳು. ಅವತ್ತಿನಿಂದ ನಾನು ಮನೆಗೆ ಬಂದ ನೆಂಟಳು. ಊಟ ಮೊದಲು ನನಗೆ, ಬಿಸಿನೀರು ಮೊದಲು ನನಗೆ. ಕಚೇರಿಗೆ ರಜೆ ಹಾಕಿದ್ದರಿಂದ ಇಡೀ ದಿನ ಅವಳ ಎದುರು ಕೂರಬೇಕಿತ್ತು. ಊರಿಗೆ ಹೊರಟು ನಿಂತವರ ಜೊತೆ ಮಾತಾಡುವ ಮೃದುವಾದ ದನಿಯಲ್ಲಿ ಅವಳು ನನ್ನೊಂದಿಗೆ ಮಾತಾಡುತ್ತಿದ್ದಳು.

ಭಾನುವಾರ ಮಧ್ಯಾಹ್ನ ಅವಳು ಅಡ್ಡಾದಾಗ ನಾನು ಮೆಲ್ಲಗೆ ಬೀಬಿಯ ಮನೆಗೆ ಹೋದೆ. ವಿಮಾನದವರು ಅಷ್ಟು ಭಾರ ಬಿಡುವುದಿಲ್ಲ, ಸ್ವಲ್ಪ ತೆಗೆಯಬೇಕು ಎಂದೆ. ಬೀಬಿ ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದಳು. ಇದು ಅಕ್ಕ ನಂಬಿ ಇಟ್ಟ ಅಮಾನತ್ತು, ಅಕ್ಕನನ್ನು ಕೇಳಿ ಬಿಚ್ಚಿದರೆ ಒಳ್ಳೆಯದಿತ್ತು ಎಂದಳು. ಚೀಲ ನನ್ನದೇ ಎಂದೆ. ಚೀಲ ನಿಮ್ಮದೇ ಮೇಡಂ ಎಂದು ಅವಳು ಸೂಜಿಗೆ ದಾರ ಪೋಣಿಸಲು ತಿರುಗಿದಳು. ನಾನು ರೊಟ್ಟಿಯ ಗಂಟು ತೆಗೆದೆ. ಉಪ್ಪಿನಕಾಯಿ ತೆಗೆದೆ. ಪುಡಿಯ ಡಬ್ಬಿ ಒಂದು ತೆಗೆದೆ. ನೀವೇ ತಿನ್ನಿ, ಅಕ್ಕನಿಗೆ ಹೇಳಬೇಡಿ ಎಂದೆ.

ಇಸ್ತ್ರಿ ಮಾಡಿದ ನನ್ನ ಬಟ್ಟೆಗಳ ಕೆಳಗೆ, ಚೀಲದ ಬುಡದಲ್ಲಿ ಒಂದು ಸೀರೆ ಇತ್ತು. ಎಮ್ಮಿಗನೂರಿನ ಮಗ್ಗದ ಹತ್ತಿಯದು, ಗಿಳಿಹಸಿರು, ಇನ್ನೂ ಮಡಿಕೆ ಬಿಚ್ಚದ ಹೊಸದು. ಅದರೊಳಗೆ ಒಂದು ರವಿಕೆ, ಅಕ್ಕನ ಅಳತೆಯದು. ನಾನು ಸೀರೆ ಉಡುವವಳಲ್ಲ. ತಪ್ಪಿ ಬಂದಿರಬೇಕು ಎಂದುಕೊಂಡು ಪಕ್ಕಕ್ಕಿಟ್ಟೆ.

“ಅದನ್ನ ಮಾತ್ರ ತೆಗೀಬ್ಯಾಡ್ರಿ ಮೇಡಂ” ಎಂದಳು ಬೀಬಿ, ತಿರುಗದೆಯೇ.

ಯಾಕೆ ಎಂದೆ. ಅವಳು ದಾರ ಕಚ್ಚಿ ಕತ್ತರಿಸಿ ನಿಧಾನವಾಗಿ ಹೇಳಿದಳು. ನಾವಿಬ್ಬರೂ ಪಾಸ್‌ಪೋರ್ಟಿಗೆಂದು ಕರ್ನೂಲಿಗೆ ಹೋಗಿ ಬಂದ ಮೇಲೆ ಅಕ್ಕ ಈ ಸೀರೆಯನ್ನು ಫಾಲ್ ಹೊಲಿಯಲು ತಂದುಕೊಟ್ಟಿದ್ದಳಂತೆ. ತಂಗಿಯ ಜೊತೆ ನಾನು ಹಡಗಿನಲ್ಲಿ ಹೋಗುವ ದಿನ ಉಡುವುದಕ್ಕೆ, ಚೆನ್ನಾಗಿ ಹೊಲಿ, ಗಾಳಿ ಇರುತ್ತದೆ ಎಂದಿದ್ದಳಂತೆ. ಶುಕ್ರವಾರ ನಾವು ಚೀಲವಿಟ್ಟು ಹೋದ ಮೇಲೆ, ಮುಹೂರ್ತ ಮುಗಿಯುವ ಮುಂಚೆ, ಅವಳು ಹಾಲು ತರುವ ನೆಪದಲ್ಲಿ ಒಬ್ಬಳೇ ಬಂದು ಚೀಲ ಬಿಚ್ಚಿ ಎಲ್ಲಕ್ಕಿಂತ ಕೆಳಗೆ ಇದನ್ನಿಟ್ಟು, ಮತ್ತೆ ಎಲ್ಲವನ್ನೂ ಮಡಿಸಿ ಹೋದಳಂತೆ.

“ನೀವೂ ಹೋಗ್ತೀರೇನ ಅಕ್ಕಾ ಅಂತ ಕೇಳಿದ್ನಿರಿ” ಎಂದಳು ಬೀಬಿ. “ಇನ್ನೂ ಕೇಳಿಲ್ಲ ಆಕಿ, ಕೇಳ್ತಾಳ ಬಿಡು ಅಂದ್ರು.”

ನಾನು ಸೀರೆಯನ್ನು ಅದು ಇದ್ದ ಜಾಗದಲ್ಲೇ ಇಟ್ಟೆ. ತೆಗೆದ ರೊಟ್ಟಿ, ಡಬ್ಬಿ, ಉಪ್ಪಿನಕಾಯಿಯನ್ನೂ ತುರುಕಿದೆ. ಜಿಪ್ಪು ಹಾಕಲು ಬರಲಿಲ್ಲ. ಬೀಬಿ ಬಂದು ಮೊಣಕಾಲಿನಿಂದ ಒತ್ತಿ ಹಿಡಿದಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ನನಗೆ ಅವಳ ಮುಖ ನೋಡಲು ಆಗಲಿಲ್ಲ.

ಮನೆಗೆ ಬಂದಾಗ ಅಕ್ಕ ಎದ್ದು ಮುಂಬಾಗಿಲಲ್ಲಿ ಪುಂಡಿಪಲ್ಯ ಸೋಸುತ್ತ ಕೂತಿದ್ದಳು. ನಾನು ಎದುರಿಗೆ ಕೂತು ಎಲೆ ಕೀಳತೊಡಗಿದೆ. ಹೋದವಳು ಕೆಲಸ ಮಾಡಬಾರದು ಎಂದು ಅವಳು ನೆನಪಿಸಲಿಲ್ಲ. ವೀಸಾಕ್ಕೆ ಕೆಲವು ದಿನ ಬೇಕು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ನಾಳೆ ಬೆಳಿಗ್ಗೆಯೊಳಗೆ ಬ್ರಹ್ಮ ಬಂದರೂ ಆಗುವ ಕೆಲಸವಲ್ಲ. ಆದರೆ ಕೇಳಿಬಿಟ್ಟರೆ, ಮೊಣಕಾಲು ನೋವು, ನಾನೆಲ್ಲಿ ಬರಲಿ, ನೀನು ಹೋಗಿ ಬಾ ಎನ್ನುತ್ತಾಳೆ, ಅಲ್ಲಿಗೆ ಇಬ್ಬರ ಮನಸ್ಸೂ ತಿಳಿಯಾಗುತ್ತದೆ ಎಂದು ಲೆಕ್ಕ ಹಾಕಿದೆ. ಇದು ಅವಳ ಸಮಾಧಾನಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ.

“ಅಕ್ಕಾ, ನೀನೂ ಬರ್ತಿಯೇನ?” ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ನಾನು ಎಣಿಸಿರದ ಕೆಲಸ ಮಾಡಿದಳು. ಮಡಿಲಲ್ಲಿದ್ದ ಪಲ್ಯವನ್ನೆಲ್ಲ ಮೊರಕ್ಕೆ ಸುರಿದು, ಗೋಡೆ ಹಿಡಿದು ಎದ್ದಳು. ಆ ಮೊಣಕಾಲಿನಲ್ಲಿ ಅಷ್ಟು ಬೇಗ ಎದ್ದದ್ದನ್ನು ನಾನು ಈಚೆಗೆ ನೋಡಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಹೋದಳು. ಬೀರು ತೆಗೆದ ಸದ್ದಾಯಿತು. ಪ್ಲಾಸ್ಟಿಕ್ ಚೀಲ ಬಿಚ್ಚುತ್ತಲೇ ಹೊರಬಂದಳು. ಪಾಸ್‌ಪೋರ್ಟನ್ನು ನನ್ನ ಕೈಗೆ ಕೊಟ್ಟು ಮಾತಾಡತೊಡಗಿದಳು. ಹೆಚ್ಚು ಬಟ್ಟೆ ಬೇಡ, ಎರಡು ಸೀರೆ ಸಾಕು. ನೀರು ಬರುವ ದಿನ ಬೀಬಿ ಹಿಡಿದಿಡುತ್ತಾಳೆ. ಮಾತ್ರೆ ಇವತ್ತೇ ತಂದಿಟ್ಟುಕೊಳ್ಳಬೇಕು. ಹಡಗಿಗೆ ಮೆಟ್ಟಿಲಿದ್ದರೆ ಕೂತು ಕೂತು ಹತ್ತಿದರಾಯಿತು, ಯಾರು ನಗುತ್ತಾರೆ ಅಲ್ಲಿ?

“ಸೋಮವಾರದ ಚಿಂತೀನೂ ಇಲ್ಲ” ಎಂದಳು. “ನಂದೂ ಪರಸ್ತಾನ ಇಟ್ಟೇನಿ. ನೀ ಬೈತಿ ಅಂತ ಹೇಳಿದ್ದಿಲ್ಲ.”

ಅರವತ್ತು ದಾಟಿದ ಆ ಮುಖದ ಸಂತೋಷವನ್ನು ನಾನು ಕೂತಲ್ಲಿಂದಲೇ ಕತ್ತೆತ್ತಿ ನೋಡುತ್ತಿದ್ದೆ. ನನಗೆ ಆಗ ಅನಿಸಿದ್ದನ್ನು ಬಚ್ಚಿಡುವುದಿಲ್ಲ. ಮೊದಲು ಬಂದದ್ದು ಭಯ. ಏನಾದರೂ ಮಾಡಿ ಇವಳು ಬಂದೇಬಿಟ್ಟರೆ ಎನ್ನುವ ಭಯ. ನಾಚಿಕೆ ಅದರ ಹಿಂದೆ ಬಂತು.

ವೀಸಾಕ್ಕೆ ದಿನ ಹಿಡಿಯುತ್ತದೆ, ನಾಳೆಗೆ ಆಗುವುದಿಲ್ಲ ಎಂದು ಹೇಳಿದೆ. ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ವೀಸಾ ಎಂದರೆ ಏನು, ನನಗೆ ಹೇಗೆ ಸಿಕ್ಕಿತು, ಎಷ್ಟು ದಿನದ ಹಿಂದೆ ಹಾಕಿದ್ದೆ ಎಂದು ಒಂದೊಂದಾಗಿ ಕೇಳಿದಳು. ಒಂದೊಂದಕ್ಕೂ ಉತ್ತರ ಹೇಳಿದೆ. ಉತ್ತರ ಹೇಳಿದ ಹಾಗೆಲ್ಲ ಅವಳು ಒಂದಿಷ್ಟು ಒಂದಿಷ್ಟೇ ಕೆಳಗೆ ಕೂರುತ್ತ ಬಂದು, ಕೊನೆಗೆ ಮೊರದ ಮುಂದೆ ಕೂತಳು. ನಾನೂ ಹೋಗುವುದಿಲ್ಲ, ಮುಂದಿನ ವರ್ಷ ಇಬ್ಬರೂ ಹೋಗೋಣ ಎಂದು ಗಡಬಡಿಸಿದೆ. ಇಟ್ಟದ್ದನ್ನು ತಿರುಗಿ ತರಬಾರದು, ಹೋಗು ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಆಗಂಗಿಲ್ಲ ಅಂತ ಗೊತ್ತಿದ್ದು ಕೇಳಿದ್ಯಾಕ ನನ್ನ?”

ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಅದಕ್ಕೆ ನನ್ನ ಹತ್ತಿರ ಸುಳ್ಳು ಯಾವುದೂ ಉಳಿದಿರಲಿಲ್ಲ.

“ನೀ ಬರಂಗಿಲ್ಲ ಅಂತಿ ಅನ್ಕಂಡಿದ್ದೆ ಅಕ್ಕಾ” ಎಂದೆ.

ಅವಳು ತಲೆಯಾಡಿಸಿದಳು. ಮೊರದಿಂದ ಒಂದು ಕಡ್ಡಿ ಎತ್ತಿಕೊಂಡು ಅದರ ಎಲೆ ಬಿಡಿಸಿದಳು.

“ಹೌದವಾ, ಹಂಗ ಅನ್ಬೇಕಿತ್ತು. ನೀ ಕೇಳಿದ್ರ ಮೊಣಕಾಲು ನೋವು, ನಾ ಬರಂಗಿಲ್ಲ ಅನ್ಬೇಕಂತ ದಿನಾ ಮನಸ್ಸಿನ್ಯಾಗ ಇಟ್ಗಂಡಿದ್ದೆ” ಎಂದಳು. “ಕೇಳಿದಿ ನೋಡು, ಆ ಖುಷೀಗೆ ಮರ್ತುಬಿಟ್ಟೆ.”

ಆಮೇಲೆ ನನ್ನ ಕೈಯಿಂದ ಪಾಸ್‌ಪೋರ್ಟು ತೆಗೆದುಕೊಂಡು, ಪಲ್ಯದ ಕೈ ತಾಗದಂತೆ ಎರಡು ಬೆರಳಲ್ಲಿ ಹಿಡಿದು ಒಳಗೆ ಹೋದಳು. ಬೆಳಿಗ್ಗೆ ಬೀಬಿಯ ಮನೆಯಿಂದ ಚೀಲ ಎತ್ತಿಕೊಂಡು ನಾನು ರೈಲು ಹತ್ತಿದೆ.